ನವಣೆ ಕಡಂಬುಟ್ಟು ಕಹಿಯಾದದ್ದೇಕೆ? ಸಿರಿಧಾನ್ಯಕ್ಕೆ ಕೊಡಗಿನ ರುಚಿಗಳನ್ನು ಕೂಡಿಸುವ ಬಗೆ

ಓದುಗರ ಪ್ರಶ್ನೆ: ವಿರಾಜಪೇಟೆಯ ಹತ್ತಿರ ನಮ್ಮ ಕಾಫಿ ತೋಟವಿದೆ. ಮನೆಯ ಎರಡು ಕೋಣೆಗಳನ್ನು ಹೋಂಸ್ಟೇಗೆ ಕೊಟ್ಟಿದ್ದೇವೆ. ಎರಡು ವರ್ಷಗಳಿಂದ ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ. ಅಕ್ಕಿ ಬಿಟ್ಟು ಸಿರಿಧಾನ್ಯ ತಿಂದರೆ ಒಳ್ಳೆಯದೆಂದು ಎಲ್ಲರೂ ಹೇಳಿದ್ದರಿಂದ ಮೇ ತಿಂಗಳಲ್ಲಿ ಐದು ಕಿಲೋ ನವಣೆ ಅಕ್ಕಿ ತಂದು ಅಟ್ಟದ ಡಬ್ಬದಲ್ಲಿ ತುಂಬಿಟ್ಟೆ. ಕೈಲ್‌ಪೊಳ್ದ್ ಹಬ್ಬಕ್ಕೆ ಅಕ್ಕಿ ತರಿಯ ಬದಲು ಅದನ್ನೇ ತರಿ ಮಾಡಿಸಿ ಕಡಂಬುಟ್ಟು (ಹಬೆಯಲ್ಲಿ ಬೇಯಿಸುವ ಉಂಡೆ) ಬೇಯಿಸಿದೆ. ಉಂಡೆಗಳು ಪಂದಿ ಕರಿಗೆ (ಹಂದಿ ಮಾಂಸದ ಕರಿಗೆ) ಅದ್ದಿದ ಕೂಡಲೇ ಪುಡಿಯಾದವು, ನುಂಗಿದ ಮೇಲೂ ಗಂಟಲಲ್ಲಿ ಕಹಿ ಉಳಿಯಿತು. ಮುಂದಿನ ವಾರ ಕಹಿ ಹೋಗಲೆಂದು ತರಿಯನ್ನು ಚೆನ್ನಾಗಿ ಕೆಂಪಗೆ ಹುರಿದೆ. ಕಹಿ ಇನ್ನೂ ಹೆಚ್ಚಾಯಿತು. ಕರಿಗೆ ಹಾಕುವ ಕಾಚಂಪುಳಿಯ ಹುಳಿ ಕೂಡ ಎಂದಿಗಿಂತ ಚುಚ್ಚಿತು. ಅತ್ತೆಯವರು, ‘ನವಣೆ ಹಕ್ಕಿಗಳ ಆಹಾರ, ನಮ್ಮ ಕರಿಗೆ ಅಕ್ಕಿಯೇ ಸರಿ’ ಎನ್ನುತ್ತಾರೆ. ಮಕ್ಕಳು ರಾಗಿ ಪಾಪುಟ್ಟನ್ನು (ತಟ್ಟೆಯಲ್ಲಿ ಹರಡಿ ಹಬೆಯಲ್ಲಿ ಬೇಯಿಸುವ ತಿಂಡಿ) ಮುಟ್ಟುವುದೇ ಇಲ್ಲ. ಬೆಲ್ಲ ಹಾಕಿದರೆ ಕಹಿ ಹೋಗುತ್ತದೆಯೇ? ಕೊಡಗಿನ ಹುಳಿ ಮತ್ತು ಹುರಿದ ಮಸಾಲೆಗೆ ಈ ಹಳೆಯ ಧಾನ್ಯಗಳು ಹೊಂದಿಕೊಳ್ಳುತ್ತವೆಯೇ? ಹೊಂದುವುದಾದರೆ ಯಾವುದಕ್ಕೆ ಯಾವುದು?

ಉತ್ತರ: ಒಂದೇ ದೂರಿನಂತೆ ಕಾಣುವ ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ನೀವು ಬಳಸಿದ ಧಾನ್ಯ ಕೆಟ್ಟಿತ್ತು, ನವಣೆಯ ತರಿ ಅಕ್ಕಿ ತರಿಯಂತೆ ಅಂಟಲಿಲ್ಲ, ಮತ್ತು ಆ ಧಾನ್ಯಕ್ಕೆ ನೀವು ಕೊಟ್ಟ ಜೊತೆ ಅದರ ಗುಣಕ್ಕೆ ತಕ್ಕದ್ದಾಗಿರಲಿಲ್ಲ. ಈ ಮೂರರಲ್ಲಿ ಮೊದಲನೆಯದು ಇಡೀ ಹಬ್ಬದ ಊಟವನ್ನು ಕೆಡಿಸಿದೆ ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಆದ್ದರಿಂದ ಕರಿಯ ಮಾತಿಗೆ ಬರುವ ಮೊದಲು ಅಟ್ಟದ ಮೇಲಿನ ಡಬ್ಬದ ವಿಚಾರವನ್ನೇ ನೋಡೋಣ.

ನವಣೆಗೆ ಹುಟ್ಟುಗುಣವಾಗಿ ಕಹಿ ಇದೆ ಎಂಬ ನಂಬಿಕೆ ಅನೇಕರಲ್ಲಿದೆ. ಅದು ನಿಜವಲ್ಲ. ಹೊಸದಾಗಿ ಸಿಪ್ಪೆ ತೆಗೆದ ನವಣೆ ಅಕ್ಕಿಯ ನಾಲ್ಕು ಕಾಳನ್ನು ಹಸಿಯಾಗಿಯೇ ಅಗಿದು ನೋಡಿದರೆ ನಾಲಿಗೆಗೆ ಮೊದಲು ಸಿಗುವುದು ಸಣ್ಣ ಸಿಹಿ, ಆಮೇಲೆ ಹಸಿ ಗೋಡಂಬಿಯನ್ನು ನೆನಪಿಸುವ ರುಚಿ. ಆದರೆ ಈ ಧಾನ್ಯದ ನೂರು ಗ್ರಾಂನಲ್ಲಿ ಸುಮಾರು ನಾಲ್ಕು ಗ್ರಾಂ ಜಿಡ್ಡಿದೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಅರ್ಧ ಗ್ರಾಂ ಆಸುಪಾಸಿನಲ್ಲಿರುತ್ತದೆ. ಹೊರಗಿನ ಸಿಪ್ಪೆ ಗಟ್ಟಿಯಾಗಿರುವವರೆಗೆ ಈ ಜಿಡ್ಡು ಒಳಗೆ ಭದ್ರವಾಗಿರುತ್ತದೆ. ಸಿಪ್ಪೆ ತೆಗೆಯುವಾಗ ತೌಡಿನ ಪದರಕ್ಕೆ ಗಾಯವಾಗಿ, ಅದರಲ್ಲಿರುವ ಕಿಣ್ವಗಳು ಜಿಡ್ಡನ್ನು ಒಡೆಯಲು ಆರಂಭಿಸುತ್ತವೆ. ಒಡೆದ ಕೊಬ್ಬಿನಾಮ್ಲಗಳು ಗಾಳಿಯೊಡನೆ ಸೇರಿ ಕಮಟು ವಾಸನೆಯನ್ನೂ ಗಂಟಲಲ್ಲಿ ನಿಲ್ಲುವ ಕಹಿಯನ್ನೂ ಹುಟ್ಟಿಸುತ್ತವೆ. ಸೆಖೆ ಮತ್ತು ತೇವ ಈ ಕೆಲಸವನ್ನು ಬೇಗ ಮುಗಿಸುತ್ತವೆ. ನೀವು ಡಬ್ಬ ತುಂಬಿದ್ದು ಮೇ ತಿಂಗಳಲ್ಲಿ, ತೆರೆದದ್ದು ಕೈಲ್‌ಪೊಳ್ದ್ ಬರುವ ಸೆಪ್ಟೆಂಬರ್ ಮೊದಲ ವಾರದಲ್ಲಿ. ನಡುವಿನ ಮೂರು ತಿಂಗಳು ಕೊಡಗಿನ ಮಳೆಗಾಲವಾಗಿತ್ತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಂಥ ಊರುಗಳಿರುವ ಜಿಲ್ಲೆಯಲ್ಲಿ, ಮಳೆ ಜೋರಾಗಿರುವ ಕಕ್ಕಡ ತಿಂಗಳ ದಿನಗಳಲ್ಲಿ ಉಪ್ಪಿನ ಭರಣಿಯೇ ನೀರೊಡೆಯುವಾಗ, ಸಿಪ್ಪೆ ತೆಗೆದ ಧಾನ್ಯ ಅಟ್ಟದ ಮೇಲೆ ಮೂರು ತಿಂಗಳು ಸರಿಯಾಗಿ ಉಳಿಯುವುದು ಕಷ್ಟ.

ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಹಿಡಿ ನವಣೆ ಅಕ್ಕಿಯನ್ನು ಅಂಗೈಗಳ ನಡುವೆ ಅರ್ಧ ನಿಮಿಷ ಬಿಸಿಯಾಗುವಂತೆ ಉಜ್ಜಿ, ಕಾಳು ಚೆಲ್ಲಿ, ಬರಿಯ ಅಂಗೈಯನ್ನು ಮೂಗಿನ ಹತ್ತಿರ ಹಿಡಿಯಿರಿ. ಧಾನ್ಯ ಹೊಸದಾಗಿದ್ದರೆ ಒಣಹುಲ್ಲಿನ ನಯವಾದ ವಾಸನೆ ಬರುತ್ತದೆ. ಹಳತಾಗಿದ್ದರೆ ಹಪ್ಪಳ ಕರಿದು ಬಹಳ ದಿನ ಮುಚ್ಚಿಟ್ಟ ಎಣ್ಣೆಯ ವಾಸನೆ ಅಂಗೈಗೆ ಹತ್ತಿರುತ್ತದೆ. ಸ್ವಸಹಾಯ ಸಂಘದ ಮಹಿಳೆಯರಿಗೆ ಧಾನ್ಯ ಸಂಸ್ಕರಣೆಯ ತರಬೇತಿ ಕೊಡುವಾಗ ನಾನು ಮೊದಲ ದಿನ ಇದೊಂದನ್ನೇ ಮಾಡಿಸುತ್ತೇನೆ, ಏಕೆಂದರೆ ಮುಂದೆ ಕಲಿಯುವ ಯಾವ ಅಡುಗೆಯೂ ಕೆಟ್ಟ ಧಾನ್ಯವನ್ನು ಸರಿಮಾಡಲಾರದು. ಕಮಟಿದ ಧಾನ್ಯವನ್ನು ತೊಳೆದರೆ ಕಹಿ ಸ್ವಲ್ಪ ತಗ್ಗೀತು, ಹೋಗುವುದಿಲ್ಲ. ಉಳಿದಿರುವುದನ್ನು ದಯವಿಟ್ಟು ಅಡುಗೆಗೆ ಬಳಸಬೇಡಿ.

ಇದಕ್ಕಿಂತ ಗಂಭೀರವಾದ ಅಪಾಯವೂ ತೇವದ ಸಂಗ್ರಹದಲ್ಲಿದೆ. ಕಾಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಿದ್ದರೆ ಅಥವಾ ಬೂದು ಹಸಿರು ಬಣ್ಣದ ಬೂಷ್ಟು ಕಂಡರೆ, ಬಿಸಿಲಿಗೆ ಹಾಕಿ ಒಣಗಿಸಿ ಬಳಸುವ ಯೋಚನೆಯನ್ನೇ ಮಾಡಬೇಡಿ. ಹಾರಕ ಎಂಬ ಇನ್ನೊಂದು ಸಿರಿಧಾನ್ಯಕ್ಕೆ ಬೂಷ್ಟು ತಗುಲಿದಾಗ ಹುಟ್ಟುವ ವಿಷದಿಂದ ಜನರೂ ದನಗಳೂ ಅಮಲೇರಿದಂತೆ ಬೀಳುವುದು ಹಿಂದಿನಿಂದಲೂ ತಿಳಿದ ಸಂಗತಿ. 2024ರ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹತ್ತು ಕಾಡಾನೆಗಳು ಸತ್ತಾಗ, ಅವು ತಿಂದಿದ್ದ ಹಾರಕದ ಬೆಳೆಯಲ್ಲಿನ ಈ ಬಗೆಯ ವಿಷವೇ ಕಾರಣವೆಂದು ಪರೀಕ್ಷೆಯಲ್ಲಿ ಕಂಡುಬಂತು. ಬೂಷ್ಟಿನ ವಿಷ ಕುದಿಸುವುದರಿಂದ ನಾಶವಾಗುತ್ತದೆಂದು ಭರವಸೆ ಇಡುವಂತಿಲ್ಲ.

ಈಗ ಹುರಿಯುವ ವಿಚಾರ. ಹುರಿದರೆ ಕಹಿ ಹೋಗುತ್ತದೆ ಎಂಬ ಮಾತು ಅರ್ಧ ಸರಿ. ಹೊಸ ಧಾನ್ಯವನ್ನು ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಸಿ ಮಾಡಿದರೆ ಜಿಡ್ಡನ್ನು ಒಡೆಯುವ ಕಿಣ್ವಗಳ ಶಕ್ತಿ ಕುಂದುತ್ತದೆ ಮತ್ತು ಒಳ್ಳೆಯ ಪರಿಮಳ ಏಳುತ್ತದೆ. ಆದರೆ ಆಗಲೇ ಕಮಟಿದ ಧಾನ್ಯದಲ್ಲಿ ಕಹಿಯ ಅಂಶ ಹುಟ್ಟಿಯಾಗಿರುವುದರಿಂದ ಹುರಿದು ಪ್ರಯೋಜನವಿಲ್ಲ. ಅದರ ಮೇಲೆ ನೀವು ಕೆಂಪಗಾಗುವವರೆಗೆ ಹುರಿದಿರಿ, ಸುಟ್ಟ ಹಿಟ್ಟಿನ ಹೊಸ ಕಹಿಯೊಂದು ಸೇರಿತು. ಪಂದಿ ಕರಿಯ ಮಸಾಲೆಯೂ ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಮೆಂತ್ಯಗಳನ್ನು ಕಪ್ಪಾಗುವ ಹಂತದವರೆಗೆ ಹುರಿದು ಮಾಡುವಂಥದ್ದು. ಮಸಾಲೆಯ ಆ ಕಹಿ ಮಾಂಸದ ಕೊಬ್ಬಿನ ನಡುವೆ ಹಿತವಾಗಿರುತ್ತದೆ. ತಟ್ಟೆಯ ಇನ್ನೊಂದು ಬದಿಯಲ್ಲೂ ಅದೇ ಕಹಿ ಕುಳಿತರೆ ನಾಲಿಗೆಗೆ ತಂಗಲು ಜಾಗವಿರುವುದಿಲ್ಲ. ನಾನು ಅನುಸರಿಸುವ ಕ್ರಮವೇನೆಂದರೆ, ಮಸಾಲೆ ಕಪ್ಪಗಿದ್ದ ದಿನ ಧಾನ್ಯವನ್ನು ಬಣ್ಣ ಬದಲಾಗದಂತೆ ಬರಿಯ ಬಿಸಿಯಾಗುವಷ್ಟು ಹುರಿಯುತ್ತೇನೆ. ತೆಂಗಿನಕಾಯಿ ಹಾಲಿನ ಬಿಳಿ ಕರಿ ಮಾಡಿದ ದಿನ ಧಾನ್ಯವನ್ನು ಹೊಂಬಣ್ಣದವರೆಗೆ ಹುರಿಯಲು ಹಿಂಜರಿಯುವುದಿಲ್ಲ.

ಕಾಚಂಪುಳಿ ಚುಚ್ಚಿದ್ದಕ್ಕೂ ಕಾರಣ ಇಲ್ಲೇ ಇದೆ. ಪಣಪುಳಿಯ ಮಾಗಿದ ಹಣ್ಣಿನಿಂದ ಇಳಿದ ರಸವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪು ಪಾಕದಂತೆ ಬತ್ತಿಸಿದ ಪದಾರ್ಥವದು, ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕಾಗುವಷ್ಟು ತೀಕ್ಷ್ಣ. ಬಿಳಿ ಅಕ್ಕಿಯ ಕಡಂಬುಟ್ಟಿನಲ್ಲಿ ತನ್ನದೇ ರುಚಿ ಬಹಳ ಕಡಿಮೆ ಇರುವುದರಿಂದ ಅದು ಹುಳಿಯನ್ನು ಹೀರಿ ಮೆತ್ತಗೆ ಮಾಡುತ್ತದೆ. ನಾವು ಬಾಯಲ್ಲಿ ಒಗರು ಎಂದು ಗುರುತಿಸುವುದು ಎಂಜಲಿನ ಜಾರುವ ಗುಣ ತಗ್ಗಿ ನಾಲಿಗೆ ಒರಟಾದ ಅನುಭವ. ಹುಳಿ ಆ ಒರಟುತನವನ್ನು ಹೆಚ್ಚಿಸುತ್ತದೆ. ನಿಮ್ಮ ತಟ್ಟೆಯಲ್ಲಿ ಕಮಟಿನ ಕಹಿ, ಸುಟ್ಟ ಕಹಿ ಮತ್ತು ಹುಳಿ ಮೂರೂ ಒಂದನ್ನೊಂದು ಎತ್ತಿ ಹಿಡಿದಿವೆ. ಕಾಚಂಪುಳಿಯ ಅಳತೆ ತಪ್ಪಿರಲಿಲ್ಲ ಎಂದೇ ನನ್ನ ಊಹೆ.

ಬೆಲ್ಲದ ಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇನೆ. ಸಿಹಿ ಕಹಿಯನ್ನು ಮರೆಮಾಡುತ್ತದೆ ನಿಜ. ಆದರೆ ಕೆಟ್ಟ ಧಾನ್ಯದ ಗುರುತನ್ನೇ ಮರೆಮಾಡುವುದು ತಪ್ಪು, ಸಕ್ಕರೆ ಕಾಯಿಲೆಯವರ ತಟ್ಟೆಗೆ ಬೆಲ್ಲ ಸೇರಿಸುವುದು ಎರಡನೆಯ ತಪ್ಪು. ಒಳ್ಳೆಯ ಧಾನ್ಯದಲ್ಲೂ ಸ್ವಲ್ಪ ಒಗರು ಉಳಿದಿದ್ದರೆ ಉಪ್ಪು ಮತ್ತು ಜಿಡ್ಡು ಇದಕ್ಕೆ ಹೆಚ್ಚು ಸರಿಯಾದ ಉಪಾಯ. ನಾಲಿಗೆಗೆ ಕಹಿ ತಿಳಿಯುವುದನ್ನು ಉಪ್ಪು ನೇರವಾಗಿ ತಗ್ಗಿಸುತ್ತದೆ. ಕಡಂಬುಟ್ಟಿನ ಹಿಟ್ಟಿಗೆ ಒಂದು ಲೋಟ ತರಿಗೆ ಒಂದು ಚಮಚ ತುಪ್ಪ ಮತ್ತು ಎಂದಿನ ಉಪ್ಪಿನ ಮೇಲೆ ಒಂದು ಚಿಟಿಕೆ ಸೇರಿಸಿದರೆ ಸಾಕಾಗುತ್ತದೆ. ಯಜಮಾನರಿಗೆ ರಕ್ತದೊತ್ತಡವೂ ಇದ್ದರೆ ಆ ಹೆಚ್ಚಿನ ಚಿಟಿಕೆ ಬೇಡ, ತುಪ್ಪವಷ್ಟೇ ಇರಲಿ.

ಉಂಡೆ ಒಡೆದ ಕಾರಣ ಬೇರೆ. ಅಕ್ಕಿ ತರಿ ಕುದಿಯುವಾಗ ಕಾಳಿನ ಒಡೆದ ಮೈಯಿಂದ ಪಿಷ್ಟ ಹೊರಬಂದು, ಉಬ್ಬಿ, ತರಿಗಳನ್ನು ಅಂಟಿನಂತೆ ಹಿಡಿದುಕೊಳ್ಳುತ್ತದೆ. ನವಣೆಯಲ್ಲಿ ಪ್ರೋಟೀನು ಅಕ್ಕಿಗಿಂತ ಹೆಚ್ಚು, ಜಿಡ್ಡೂ ಹೆಚ್ಚು. ಇವೆರಡೂ ಪಿಷ್ಟದ ಸುತ್ತ ನಿಂತು ನೀರು ಒಳಗೆ ಹೋಗುವುದನ್ನು ನಿಧಾನ ಮಾಡುತ್ತವೆ. ಆದ್ದರಿಂದ ಅಕ್ಕಿಯ ಅಳತೆಯ ನೀರು ಮತ್ತು ಅಕ್ಕಿಯ ಸಮಯ ಕೊಟ್ಟರೆ ಹೊರಗೆ ಬೆಂದಂತೆ ಕಂಡರೂ ಒಳಗೆ ಮರಳಿನಂತೆಯೇ ಉಳಿಯುತ್ತದೆ. ಆರಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸಿರಿಧಾನ್ಯವನ್ನು ಅಕ್ಕಿಯ ಜಾಗದಲ್ಲಿ ಅಳತೆಗೆ ಅಳತೆ ಇಡಬಹುದೆಂಬ ಮಾತು ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನಿರಾಸೆ ತಂದಿರುವ ಮಾತು.

ಕಡಂಬುಟ್ಟಿಗೆ ನಾನು ಸೂಚಿಸುವುದು ಅರ್ಧ ಅಕ್ಕಿ ತರಿ, ಅರ್ಧ ನವಣೆ ತರಿ. ನವಣೆ ತರಿಯನ್ನು ಜರಡಿ ಹಿಡಿದು ಹಿಟ್ಟಿನ ಅಂಶ ತೆಗೆದು, ಒಂದು ಗಂಟೆ ನೆನೆಸಿ, ಆ ನೀರನ್ನು ಬಸಿದುಬಿಡಿ. ನೆನೆಸುವುದರಿಂದ ಒಗರಿನ ಅಂಶ ಸ್ವಲ್ಪ ನೀರಿಗೆ ಇಳಿಯುತ್ತದೆ, ಕಬ್ಬಿಣದಂಥ ಖನಿಜಗಳನ್ನು ಹಿಡಿದಿಡುವ ಫೈಟಿಕ್ ಆಮ್ಲವೂ ಕಡಿಮೆಯಾಗುತ್ತದೆ. ಎರಡೂ ಸೇರಿ ಒಂದು ಲೋಟವಾಗುವ ತರಿಗೆ ಎರಡೂವರೆ ಲೋಟ ನೀರು ಕುದಿಸಿ, ಉಪ್ಪು ಮತ್ತು ತುಪ್ಪ ಹಾಕಿ, ಮೊದಲು ನವಣೆಯನ್ನು ಹಾಕಿ ಐದು ನಿಮಿಷ ಬೇಯಿಸಿದ ನಂತರ ಅಕ್ಕಿ ತರಿ ಸೇರಿಸಿ. ನೀರು ಇಂಗಿದ ಮೇಲೆ ಉರಿ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಒದ್ದೆ ಕೈಯಿಂದ ಚೆನ್ನಾಗಿ ನಾದಬೇಕು. ಆರಿಸಿ ನಾದಿದರೆ ಉಂಡೆ ಒಡೆಯುವುದು ಖಂಡಿತ. ನಿಂಬೆಹಣ್ಣಿಗಿಂತ ದೊಡ್ಡದಾಗದ ಉಂಡೆಗಳನ್ನು ಕಟ್ಟಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿದರೆ, ಕರಿಗೆ ಅದ್ದಿದಾಗ ಮೈ ನೆನೆಯುತ್ತದೆ, ಪುಡಿಯಾಗುವುದಿಲ್ಲ. ಪೂರ್ತಿ ನವಣೆಯಿಂದಲೇ ಮಾಡಬೇಕೆಂಬ ಹಟವಿದ್ದರೆ ಕಡಂಬುಟ್ಟನ್ನು ಬಿಟ್ಟು ಪಾಪುಟ್ಟಿಗೆ ಹೋಗಿ. ತಟ್ಟೆಯಲ್ಲಿ ಹರಡಿ ಬೇಯಿಸುವ ಪಾಪುಟ್ಟಿಗೆ ಉಂಡೆಯ ಬಿಗಿ ಬೇಕಿಲ್ಲ, ಹಾಲು ಮತ್ತು ತೆಂಗಿನ ತುರಿಯ ಜಿಡ್ಡು ನವಣೆಗೆ ಬಹಳ ಒಗ್ಗುತ್ತದೆ. ನೂಲ್‌ಪುಟ್ಟಿಗೆ (ಒತ್ತು ಶಾವಿಗೆಗೆ) ನವಣೆ ಬೇಡ, ಎಳೆ ತುಂಡಾಗುತ್ತದೆ.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ, ಯಾವುದಕ್ಕೆ ಯಾವುದು. ಸಿರಿಧಾನ್ಯಗಳೆಲ್ಲವನ್ನೂ ಒಂದೇ ರುಚಿಯವೆಂದು ಭಾವಿಸಿದ್ದರಿಂದಲೇ ಇಷ್ಟು ಗೊಂದಲವಾಗಿದೆ. ನವಣೆ, ಸಾಮೆ, ಊದಲು, ಹಾರಕ, ಕೊರಲೆ, ಬರಗು ಇವುಗಳ ನಡುವಿನ ರುಚಿಯ ಅಂತರ ಕಡಿಮೆಯದಲ್ಲ. ರಾಗಿಯಂತೂ ಬೇರೆಯೇ ಜಾತಿ. ಅವುಗಳ ಹುಟ್ಟೂರುಗಳೂ ಬೇರೆ. ನವಣೆಯನ್ನು ಸುಮಾರು ಎಂಟು ಸಾವಿರ ವರ್ಷಗಳ ಹಿಂದೆ ಉತ್ತರ ಚೀನಾದಲ್ಲಿ ಬೆಳೆಸುತ್ತಿದ್ದರು, ರಾಗಿ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳಿಂದ ಬಂದದ್ದು, ಕೊರಲೆ ನಮ್ಮ ದಕ್ಷಿಣ ಭಾರತದ್ದೇ ಧಾನ್ಯ. ಸಾವಿರಾರು ವರ್ಷ ಬೇರೆ ಬೇರೆ ನೆಲದಲ್ಲಿ, ಬೇರೆ ಬೇರೆ ಜನರ ಒಲೆಯ ಮೇಲೆ ಬೆಂದು ಬಂದ ಇವುಗಳಿಗೆ ಒಂದೇ ಸಾರು ಸಾಕೆಂದು ನಿರೀಕ್ಷಿಸಬಾರದು.

ಪಂದಿ ಕರಿಗೆ ನನ್ನ ಮೊದಲ ಆಯ್ಕೆ ರಾಗಿ. ಇದು ನಿಮಗೆ ಆಶ್ಚರ್ಯವಾಗಬಹುದು, ಏಕೆಂದರೆ ಒಗರು ಇರುವುದು ನವಣೆಗಿಂತ ರಾಗಿಯಲ್ಲೇ ಹೆಚ್ಚು. ರಾಗಿಯ ಸಿಪ್ಪೆ ಕಾಳಿಗೆ ಬಿಗಿಯಾಗಿ ಅಂಟಿರುವುದರಿಂದ ಅದನ್ನು ಸಿಪ್ಪೆಸಹಿತವೇ ಬೀಸುತ್ತೇವೆ, ಅದರ ಕಂದು ಬಣ್ಣ ಮತ್ತು ಒಗರು ಎರಡೂ ಆ ಸಿಪ್ಪೆಯಲ್ಲಿರುವ ಟ್ಯಾನಿನ್‌ನಂಥ ಅಂಶಗಳಿಂದ ಬರುತ್ತವೆ. ಈ ಅಂಶಗಳು ಪ್ರೋಟೀನಿಗೆ ಅಂಟಿಕೊಳ್ಳುವ ಸ್ವಭಾವದವು. ಬಾಯಲ್ಲಿ ಮಾಂಸ ಇಲ್ಲದಿದ್ದರೆ ಅವು ಎಂಜಲಿನ ಪ್ರೋಟೀನಿಗೆ ಅಂಟಿ ನಾಲಿಗೆಯನ್ನು ಒರಟು ಮಾಡುತ್ತವೆ. ಮಾಂಸದ ರಸವೂ ಕೊಬ್ಬೂ ಜೊತೆಗಿದ್ದರೆ ಅವುಗಳಿಗೆ ಅಂಟಿ, ನಾಲಿಗೆಯನ್ನು ಬಿಟ್ಟುಬಿಡುತ್ತವೆ. ಹಂದಿಯ ಕೊಬ್ಬಿನ ಭಾರವನ್ನು ರಾಗಿಯ ಒಗರು ಇಳಿಸುತ್ತದೆ, ರಾಗಿಯ ಒಗರನ್ನು ಕೊಬ್ಬು ಮೃದುಗೊಳಿಸುತ್ತದೆ. ಹಳೆ ಮೈಸೂರಿನ ಜನ ಮುದ್ದೆಯನ್ನು ಮಾಂಸದ ಸಾರಿನೊಡನೆ ತಲೆಮಾರುಗಳಿಂದ ಉಣ್ಣುತ್ತಿರುವುದು ಸುಮ್ಮನೆ ಅಲ್ಲ, ಕುಶಾಲನಗರದ ಕಡೆಯ ಮನೆಗಳಿಗೂ ಈ ರುಚಿ ಹೊಸದಲ್ಲ. ತೆಳ್ಳಗಿನ ಸಾರಿಗೆ ಮುದ್ದೆ ಸರಿ. ಪಂದಿ ಕರಿಯಂಥ ಗಟ್ಟಿ ಕರಿಗೆ ಅಕ್ಕಿ ಒಟ್ಟಿಯ, ಅಂದರೆ ಅಕ್ಕಿ ರೊಟ್ಟಿಯ, ಹಿಟ್ಟಿನಲ್ಲಿ ಮೂರನೆಯ ಒಂದು ಭಾಗ ರಾಗಿ ಸೇರಿಸಿ ತಟ್ಟುವ ರಾಗಿ ಒಟ್ಟಿ ಇನ್ನೂ ಸೊಗಸು. ಕೆಂಡದ ಮೇಲೆ ಒಟ್ಟಿ ಉಬ್ಬುವಾಗ ಅಲ್ಲಲ್ಲಿ ಬೀಳುವ ಸುಟ್ಟ ಚುಕ್ಕೆಗಳು, ಕರಿಮೆಣಸು ಮತ್ತು ಹುರಿದ ಜೀರಿಗೆಯ ವಾಸನೆ ಒಂದೇ ಮನೆತನದವು ಎನಿಸುತ್ತದೆ. ಕಾಚಂಪುಳಿಯನ್ನು ಮಾತ್ರ ಎಂದಿನದಕ್ಕಿಂತ ಕಾಲು ಭಾಗ ಕಡಿಮೆ ಮಾಡಿ, ಕೊನೆಯಲ್ಲಿ ರುಚಿ ನೋಡಿ ಸೇರಿಸಿ.

ನವಣೆಗೆ ಹುಳಿ ಕಡಿಮೆ ಇರುವ, ಜಿಡ್ಡು ಮತ್ತು ಕಾಡಿನ ವಾಸನೆ ಇರುವ ಜೊತೆ ಬೇಕು. ಮಳೆಗಾಲದ ಕುಮ್ಮು, ಅಂದರೆ ಅಣಬೆಯ ಕರಿ, ಇದಕ್ಕೆ ಹೇಳಿ ಮಾಡಿಸಿದ್ದು. ಅಣಬೆಯಲ್ಲಿ ಮಾಂಸದ ರಸವನ್ನು ಹೋಲುವ ಆಳವಾದ ರುಚಿಯಿದೆ, ನವಣೆಯ ಬೀಜದಂಥ ರುಚಿ ಅದರ ಜೊತೆ ದುಂಡಗಾಗುತ್ತದೆ. ಕಾಡಿನ ಅಣಬೆಯನ್ನು ಗುರುತು ಬಲ್ಲ ಹಿರಿಯರು ಆರಿಸಿದ್ದರೆ ಮಾತ್ರ ಬಳಸಿ. ಹೋಂಸ್ಟೇ ಅತಿಥಿಗಳಿಗೆ ಬಡಿಸುವಾಗ ಬೆಳೆಸಿದ ಅಣಬೆಯೇ ಕ್ಷೇಮ. ತೆಂಗಿನಕಾಯಿ ಅರೆದು ಮಾಡುವ ಕೋಳಿ ಕರಿ, ತೆಂಗಿನ ಹಾಲಿನ ತರಕಾರಿ ಪಲ್ಯಗಳು ನವಣೆ ಪಾಪುಟ್ಟಿಗೆ ಚೆನ್ನಾಗಿ ಕೂಡುತ್ತವೆ. ಎಳ್ಳು ಪಜ್ಜಿಯನ್ನು, ಅಂದರೆ ಎಳ್ಳಿನ ಚಟ್ನಿಯನ್ನು, ಒಮ್ಮೆ ನವಣೆಯ ಜೊತೆ ಇಟ್ಟು ನೋಡಿ. ಎಳ್ಳಿನ ಎಣ್ಣೆಯೂ ಹುರಿದ ವಾಸನೆಯೂ ನವಣೆಯದ್ದೇ ಗುಣಗಳು, ಒಂದರೊಳಗೆ ಇನ್ನೊಂದು ಬೆರೆತುಹೋಗುತ್ತದೆ.

ಬೈಂಬಳೆ, ಅಂದರೆ ಕಣಿಲೆಯ (ಎಳೆ ಬಿದಿರಿನ) ಕರಿಗೆ ನಾನು ಸಾಮೆಯನ್ನು ಇಡುತ್ತೇನೆ. ಕಣಿಲೆಯನ್ನು ಹೆಚ್ಚಿ ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸುವುದು ಅದರ ಸಯನೈಡು ಹುಟ್ಟಿಸುವ ಅಂಶವನ್ನು ತೆಗೆಯಲು. ಆ ಕೆಲಸದಲ್ಲಿ ಆತುರ ಕೂಡದು. ನೆನೆದ ಕಣಿಲೆಗೆ ಬರುವ ಹುದುಗಿನ ಘಾಟು ಬಲವಾದದ್ದು. ರಾಗಿಯನ್ನೋ ಹಾರಕವನ್ನೋ ಅದರ ಪಕ್ಕದಲ್ಲಿಟ್ಟರೆ ಎರಡು ಗಟ್ಟಿ ವಾಸನೆಗಳು ಜಗಳಕ್ಕೆ ನಿಲ್ಲುತ್ತವೆ. ಸಾಮೆ ಇದ್ದುದರಲ್ಲಿ ಅಕ್ಕಿಗೆ ಹತ್ತಿರ, ತಾನು ಹಿಂದೆ ನಿಂತು ಕರಿಯನ್ನು ಮುಂದೆ ಬಿಡುತ್ತದೆ. ಇದೇ ಕಾರಣಕ್ಕೆ ಕಕ್ಕಡದ ಹದಿನೆಂಟನೆಯ ದಿನ ಮಾಡುವ ಮದ್ದು ಸೊಪ್ಪಿನ ಪಾಯಸಕ್ಕೂ ಅಕ್ಕಿ ಬೇಡವೆನ್ನುವವರಿಗೆ ಸಾಮೆಯೇ ಸರಿ. ಸೊಪ್ಪಿನ ನೇರಳೆ ಬಣ್ಣ ಸಾಮೆಯಲ್ಲಿ ಎದ್ದು ಕಾಣುತ್ತದೆ, ರಾಗಿಯಲ್ಲಿ ಪೂರ್ತಿ ಮುಳುಗಿಹೋಗುತ್ತದೆ.

ಕಾಡುಮಾವಿನ ಕರಿಯನ್ನು ಬೇರೆಯಾಗಿ ಹೇಳಬೇಕು. ಹುಳಿ, ಖಾರ, ಬೆಲ್ಲ ಮೂರೂ ಇರುವ ಆ ಕರಿಯಲ್ಲಿ ಒಗರನ್ನು ಎತ್ತಿ ತೋರಿಸುವ ಹುಳಿಯೂ ಇದೆ, ಅದನ್ನು ತಗ್ಗಿಸುವ ಸಿಹಿಯೂ ಇದೆ. ಆದ್ದರಿಂದ ಅದು ರಾಗಿ ಒಟ್ಟಿಯೊಡನೆಯೂ ನವಣೆ ಕಡಂಬುಟ್ಟಿನೊಡನೆಯೂ ನಡೆಯುತ್ತದೆ. ಯಜಮಾನರಿಗೆ ಬಡಿಸುವಾಗ ಬೆಲ್ಲದ ಲೆಕ್ಕ ಇರಲಿ.

ಮಕ್ಕಳು ರಾಗಿ ಪಾಪುಟ್ಟನ್ನು ಒಲ್ಲೆನ್ನುವುದನ್ನು ನಾನು ಮಕ್ಕಳ ತಪ್ಪೆಂದು ಹೇಳಲಾರೆ. ರಾಗಿಯ ತರಿಯಲ್ಲಿ ಸಿಪ್ಪೆ ಉಳಿದಿರುವುದರಿಂದ ಬೆಂದರೂ ಹಲ್ಲಿಗೆ ಮರಳಿನಂತೆ ಸಿಗುತ್ತದೆ, ಬಿಳಿ ಪಾಪುಟ್ಟಿನ ಮೆದುವಿಗೆ ಒಗ್ಗಿದ ಬಾಯಿಗೆ ಅದು ಹಿಡಿಸುವುದಿಲ್ಲ. ಅವರಿಗೆ ರಾಗಿಯನ್ನು ನುಣ್ಣನೆ ಹಿಟ್ಟಾಗಿ, ಹುರಿದು, ಮಾಗಿದ ಬಾಳೆಹಣ್ಣಿನೊಡನೆ ಕಲಸಿ, ತೆಂಗಿನ ತುರಿ, ಎಳ್ಳು ಮತ್ತು ಏಲಕ್ಕಿ ಹಾಕಿ ತಂಬಿಟ್ಟಿನಂತೆ ಕೊಡಿ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಹಿಟ್ಟಿಗೇ ಸಣ್ಣ ಸಿಹಿ ಬರುತ್ತದೆ, ಒಗರೂ ಇಳಿಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಬೆಳೆಯುವ ಮಕ್ಕಳಿಗೆ ಇದನ್ನು ರೂಢಿಸುವ ಶ್ರಮ ಸಾರ್ಥಕ. ಆದರೆ ಪುತ್ತರಿಯ ದಿನದ ತಂಬಿಟ್ಟಿನಲ್ಲಿ ಮಾತ್ರ ಅಕ್ಕಿಯ ಜಾಗಕ್ಕೆ ಬೇರೆ ಧಾನ್ಯ ತರುವುದು ನನಗೆ ಸರಿಕಾಣುವುದಿಲ್ಲ. ಅದು ಗದ್ದೆಯಿಂದ ಹೊಸ ಕದಿರು ಮನೆಗೆ ಬರುವ ಹಬ್ಬ.

ಇದೇ ಕಾರಣಕ್ಕೆ ನಿಮ್ಮ ಅತ್ತೆಯವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನವಣೆ ಹಕ್ಕಿಗಳ ಆಹಾರ ಮಾತ್ರ ಎಂಬುದು ಸರಿಯಲ್ಲ, ಉತ್ತರ ಕರ್ನಾಟಕದಲ್ಲಿ ನವಣೆಯ ಅನ್ನವನ್ನೂ ಹೋಳಿಗೆಯನ್ನೂ ಪ್ರೀತಿಯಿಂದ ಉಂಡಿದ್ದಾರೆ. ಆದರೆ ಕೊಡಗಿನ ಕಣಿವೆಯ ಗದ್ದೆಗಳ ಅಡುಗೆ ಅಕ್ಕಿಯ ಸುತ್ತ ಬೆಳೆದದ್ದು ಮತ್ತು ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು ಮೂರೂ ಅಕ್ಕಿಯ ಗುಣವನ್ನು ನೆಚ್ಚಿ ಹುಟ್ಟಿದವು ಎಂಬ ಅವರ ಅನುಭವ ಸರಿಯಾದದ್ದು. ಹೋಂಸ್ಟೇ ಅತಿಥಿಗಳಿಗೆ ನವಣೆ ಕಡಂಬುಟ್ಟು ಬಡಿಸುವಾಗ ಅದನ್ನು ಪುರಾತನ ಕೊಡವ ತಿಂಡಿ ಎಂದು ಪರಿಚಯಿಸಬೇಡಿ, ನಮ್ಮ ಮನೆಯ ಹೊಸ ಪ್ರಯೋಗ ಎಂದು ಹೇಳಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲೆ ಇಂಥ ಹೊಸ ಊಟಕ್ಕೆ ಹಳೆಯ ಹೆಸರು ಅಂಟಿಸುವುದು ಬಹಳವಾಗಿದೆ, ಅತಿಥಿಗಳಿಗೆ ನಿಜ ಹೇಳಿದರೆ ರುಚಿಯೇನೂ ಕಡಿಮೆಯಾಗುವುದಿಲ್ಲ.

ಸಕ್ಕರೆ ಕಾಯಿಲೆಯ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಲೇಬೇಕು. ಸಿರಿಧಾನ್ಯದಲ್ಲಿ ಸಕ್ಕರೆಯಾಗುವ ಅಂಶ ಇಲ್ಲವೆಂದಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ನವಣೆಯಲ್ಲಿ ಸುಮಾರು 60, ರಾಗಿಯಲ್ಲಿ ಸುಮಾರು 72 ಗ್ರಾಂ ಇರುತ್ತದೆ. ನಾರು ಮತ್ತು ಪ್ರೋಟೀನು ಹೆಚ್ಚಿರುವುದರಿಂದ ನವಣೆ ನಿಧಾನವಾಗಿ ಜೀರ್ಣವಾಗುತ್ತದೆ, ಆದರೆ ಅದು ತರಿಯ ರೂಪದಲ್ಲಿದ್ದಾಗ. ನುಣ್ಣನೆ ಬೀಸಿದ ಹಿಟ್ಟಿನ ಗಂಜಿ ಯಾವ ಧಾನ್ಯದ್ದಾದರೂ ಬೇಗ ಸಕ್ಕರೆಯಾಗುತ್ತದೆ, ರಾಗಿ ಗಂಜಿ ಕೂಡ. ಆದ್ದರಿಂದ ಮಕ್ಕಳಿಗೆ ನಾನು ಹೇಳಿದ ಬಾಳೆಹಣ್ಣಿನ ತಂಬಿಟ್ಟು ಯಜಮಾನರಿಗಲ್ಲ. ಅವರಿಗೆ ಅರ್ಧ ನವಣೆಯ ಕಡಂಬುಟ್ಟು ಮೂರು ನಾಲ್ಕು, ಜೊತೆಗೆ ಸೊಪ್ಪಿನ ಪಲ್ಯ, ಕರಿಯಲ್ಲಿ ಕೊಬ್ಬಿನ ತುಂಡು ಕಡಿಮೆ ಎಂಬ ಲೆಕ್ಕದಲ್ಲಿ ಆರಂಭಿಸಿ, ಊಟವಾಗಿ ಎರಡು ಗಂಟೆಗೆ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಿ. ಅಕ್ಕಿಯ ದಿನದ ಅಂಕೆಯನ್ನೂ ನವಣೆಯ ದಿನದ ಅಂಕೆಯನ್ನೂ ಪಕ್ಕದಲ್ಲಿಟ್ಟು ವೈದ್ಯರಿಗೆ ತೋರಿಸಿ. ಮಾತ್ರೆಯ ಪ್ರಮಾಣವನ್ನು ಧಾನ್ಯ ಬದಲಿಸಿದೆವೆಂಬ ಧೈರ್ಯದ ಮೇಲೆ ನೀವೇ ಇಳಿಸಬಾರದು. ಮೂರು ಹೊತ್ತೂ ಒಮ್ಮೆಲೇ ಬದಲಿಸಿದರೆ ನಾರು ಹೆಚ್ಚಾಗಿ ಹೊಟ್ಟೆ ಉಬ್ಬರ, ಮಲಬದ್ಧತೆ ಕಾಣಿಸುವುದುಂಟು. ವಾರಕ್ಕೆ ಮೂರು ಊಟದಿಂದ ಆರಂಭಿಸಿ, ನೀರು ಹೆಚ್ಚು ಕುಡಿಯಲಿ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆ ಇದ್ದರೆ ಸಜ್ಜೆಯನ್ನು ದಿನವೂ ತಿನ್ನುವುದು ಬೇಡ, ಅದರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಯಾಗುವ ಅಂಶಗಳಿವೆ.

ಕಾಫಿ ತೋಟದ ಮನೆಯವರಿಗೆ ಹೇಳಲು ಸ್ವಲ್ಪ ಸಂಕೋಚವಾಗುವ ಮಾತೊಂದಿದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಧಾನ್ಯ ಮತ್ತು ಸೊಪ್ಪಿನ ಕಬ್ಬಿಣದ ಅಂಶ ದೇಹಕ್ಕೆ ಸೇರುವುದನ್ನು ಗಣನೀಯವಾಗಿ ತಡೆಯುತ್ತದೆ. ರಾಗಿ ಅಥವಾ ನವಣೆ ಉಂಡ ದಿನ ಕಾಫಿಗೂ ಊಟಕ್ಕೂ ಒಂದು ಗಂಟೆಯ ಅಂತರ ಇಡಿ. ಕಾಲದಲ್ಲಿ ಸಿಗುವ ಕೊಡಗಿನ ಕಿತ್ತಳೆಯನ್ನೋ ನಿಂಬೆರಸ ಹಿಂಡಿದ ಕೋಸಂಬರಿಯನ್ನೋ ಊಟದ ಜೊತೆ ಇಟ್ಟರೆ ಅದರ ವಿಟಮಿನ್ ಸಿ ಕಬ್ಬಿಣವನ್ನು ಒಳಗೆ ಸೇರಿಸಲು ನೆರವಾಗುತ್ತದೆ.

ಮುಂದಿನ ಸಲ ಧಾನ್ಯ ತರುವಾಗ ಐದು ಕಿಲೋ ಬೇಡ. ಅರ್ಧ ಕಿಲೋ ತನ್ನಿ, ಪೊಟ್ಟಣದ ಮೇಲೆ ಸಂಸ್ಕರಿಸಿದ ದಿನಾಂಕ ನೋಡಿ, ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ತರಿಯನ್ನು ಬೇಕಾದ ದಿನವೇ ಮಿಕ್ಸಿಯಲ್ಲಿ ಒಡೆದುಕೊಳ್ಳಿ. ಮುಂಗಾರಿನ ನವಣೆಯ ಹೊಸ ಬೆಳೆ ದೀಪಾವಳಿಯ ಆಸುಪಾಸಿನಲ್ಲಿ ಪೇಟೆಗೆ ಬರುತ್ತದೆ, ಅದಕ್ಕಾಗಿ ಕಾಯುವುದು ಒಳ್ಳೆಯದು. ಅದು ಬಂದ ಮೇಲೆ ಮೊದಲು ಕಡಂಬುಟ್ಟಿಗೆ ಕೈ ಹಾಕದೆ, ಒಂದು ಲೋಟ ನವಣೆ ತರಿಯನ್ನು ಒಂದು ಲೋಟ ಹಾಲು ಮತ್ತು ಒಂದು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅರ್ಧ ಲೋಟ ತೆಂಗಿನ ತುರಿ, ಉಪ್ಪು, ಒಂದು ಏಲಕ್ಕಿಯ ಪುಡಿ ಸೇರಿಸಿ ತಟ್ಟೆಯಲ್ಲಿ ಹರಡಿ, ಇಪ್ಪತ್ತೈದು ನಿಮಿಷ ಹಬೆಯಲ್ಲಿ ಬೇಯಿಸಿ ಪಾಪುಟ್ಟು ಮಾಡಿ. ಮೊದಲ ತುಂಡನ್ನು ಕರಿಯಿಲ್ಲದೆ, ಬಿಸಿಯಾಗಿ, ನಿಮ್ಮ ಅತ್ತೆಯವರಿಗೇ ಕೊಟ್ಟು ಕೇಳಿ. ಅಕ್ಕಿಯ ರುಚಿಯನ್ನು ಅಷ್ಟು ಚೆನ್ನಾಗಿ ಬಲ್ಲ ನಾಲಿಗೆ ನವಣೆಗೆ ಏನು ಕಡಿಮೆಯಾಗಿದೆ ಎಂಬುದನ್ನೂ ನನಗಿಂತ ಸರಿಯಾಗಿ ಹೇಳುತ್ತದೆ. ಆ ಮಾತಿನ ಮೇಲೆ ಉಪ್ಪು, ಕಾಯಿ, ನೀರನ್ನು ತಿದ್ದಿಕೊಂಡ ನಂತರ ಕುಮ್ಮು ಕರಿಯ ಪಾತ್ರೆಯನ್ನು ಪಕ್ಕದಲ್ಲಿಡಿ.